ಕಡಲೆ ಹುಳಿ ಹಿಡಿದ ಬಟ್ಟೆ

ಅಥವಾ ಆ ಬಾಟಲಿ ಮೊದಲಿನಿಂದಲೂ ಅಲ್ಲೇ ಇತ್ತೇನೋ. ಬದುವಿನಲ್ಲಿ ನೆಟ್ಟ ತೊಗರಿ ಕಟ್ಟಿಗೆ, ಅದರ ತುದಿಗೆ ಬೋರಲು ಸಿಕ್ಕಿಸಿದ ಖಾಲಿ ಬಾಟಲಿ. ನನ್ನ ನೆನಪಿನಲ್ಲಿ ಅದು ಹಸಿರು ಬಣ್ಣದ್ದು. ಅಕ್ಕ ಬಿಳಿ ಎನ್ನುತ್ತಾಳೆ. ಮಾವ, ಎಂದರೆ ಅಕ್ಕನ ಗಂಡ ಶರಣಪ್ಪ, ಆ ಬದುವಿನಲ್ಲಿ ಬಾಟಲಿಯೇ ಇರಲಿಲ್ಲ ಎನ್ನುತ್ತಾರೆ. ಮೂವರೂ ಆ ದಿನ ಅದೇ ಹೊಲದಲ್ಲಿದ್ದೆವು. ಮುಂದೆ ಬರೆಯುವುದನ್ನು ಓದುವಾಗ ಇದು ನೆನಪಿರಲಿ.

ಮೊನ್ನೆ ಜೇವರ್ಗಿ ಬಸ್ ನಿಲ್ದಾಣದಲ್ಲಿ ಒಬ್ಬ ಹೆಂಗಸು ಹಸಿ ಕಡಲೆ ಗಿಡ ಕಟ್ಟು ಕಟ್ಟಿ ಮಾರುತ್ತಿದ್ದಳು. ಒಂದು ಕಟ್ಟು ತೆಗೆದುಕೊಂಡೆ. ಕಾಯಿ ಸುಲಿಯುವ ಮೊದಲೇ ಎಲೆಯ ಹುಳಿ ಬೆರಳಿಗೆ ಅಂಟಿತು, ಬೆರಳಿನಿಂದ ಮೂಗಿಗೆ ಬಂತು. ಅದು ನಾಲಿಗೆಗಿಂತ ಮೊದಲು ಹಲ್ಲಿಗೆ ತಿಳಿಯುವ ಹುಳಿ. ಅಕ್ಕನ ಊರಿನ ಬಸ್ ಎದುರಿಗೇ ನಿಂತಿತ್ತು. ನಾನು ಹತ್ತಲಿಲ್ಲ. ಅದು ಹೋದ ಮೇಲೆ ಇನ್ನೊಂದಕ್ಕೆ ಕಾದು ಹತ್ತಿದೆ.

ಆ ಹಿಂಗಾರಿಯಲ್ಲಿ ನಾನು ಅಕ್ಕನ ಮನೆಯಲ್ಲಿದ್ದೆ. ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಓದು ಮುಗಿದಿತ್ತು. ಬರೆಯಬೇಕಿದ್ದ ಪರೀಕ್ಷೆ ಮುಂದಕ್ಕೆ ಹೋಗುತ್ತಲೇ ಇತ್ತು. ಅಂದೋಲಾದಿಂದ ಒಳಗೆ ಹೋದರೆ ಸಿಗುವ ಊರು, ಸುತ್ತ ಎರೆ ಹೊಲ. ಆ ವರ್ಷ ಮಳೆ ಬೇಕಾದಾಗ ಬರಲಿಲ್ಲ, ಬಂದಮೇಲೆ ಹೋಗಲಿಲ್ಲ. ಹೆಸರುಕಾಳು ಗಿಡದಲ್ಲೇ ಕಪ್ಪಾಯಿತು. ಚಪ್ಪಲಿ ಹಾಕಿ ಹೊಲಕ್ಕೆ ಹೋದರೆ ಒಂದು ಚಪ್ಪಲಿಯನ್ನು ಮಣ್ಣೇ ಇಟ್ಟುಕೊಳ್ಳುತ್ತಿತ್ತು. ಆಮೇಲೆ ಯಾರೋ ಬಾಗಿಲು ಹಾಕಿಕೊಂಡ ಹಾಗೆ ಮಳೆ ನಿಂತಿತು. ಉಳಿದ ತೇವಕ್ಕೆ ಕಡಲೆ ಬಿತ್ತಿದರು. ಚಳಿ ಬಿತ್ತು, ಇಬ್ಬನಿ ಬಿತ್ತು, ಕಡಲೆ ಎದ್ದಿತು.

ಕಡಲೆ ಎದ್ದಮೇಲೆ ಮಾಳಪ್ಪನ ಕುರಿ ಬರಬೇಕು. ಮಾವನ ಅಪ್ಪನ ಕಾಲದಿಂದ ಹಾಗೇ ನಡೆದಿತ್ತು. ಮಾಳಪ್ಪ ಆಳಂದದ ಆಚೆಯ ಕುರುಬರವನು. ಮಳೆಗಾಲ ಮುಗಿಯುತ್ತಲೇ ಅವನೂ ಅವನ ಹೆಂಡತಿ ಲಕ್ಕವ್ವನೂ ಕರಿ ಕುರಿಗಳ ಹಿಂಡು ಹೊಡೆದುಕೊಂಡು ಅಫಜಲಪುರದ ಮೇಲೆ ಇಳಿದು, ಭೀಮಾ ದಾಟಿ ನಮ್ಮ ಕಡೆ ಬರುತ್ತಿದ್ದರು. ಹೆಸರು ತೆಗೆದ ಖಾಲಿ ಹೊಲದಲ್ಲಿ ಬಲೆ ಕಟ್ಟಿ ಕುರಿ ತರುಬುತ್ತಿದ್ದರು. ಹಿಂಡು ಅಲ್ಲೇ ಮಲಗುವುದು, ಹಿಕ್ಕೆ, ಗಂಜಲ ಎಲ್ಲ ಅಲ್ಲೇ ಬೀಳುವುದು, ಮರುದಿನ ಬಲೆ ಪಕ್ಕಕ್ಕೆ ಸರಿಯುವುದು. ಹೊಲಕ್ಕೆ ಗೊಬ್ಬರ, ಕುರುಬರಿಗೆ ಜೋಳ. ಅಲ್ಲಿಂದ ಯಡ್ರಾಮಿ ಕಡೆ ಹೋಗಿ, ತೊಗರಿ ಕೊಯ್ದಮೇಲೆ ಮತ್ತೆ ಬಂದು ತೊಗರಿ ಹೊಲದಲ್ಲಿ ತರುಬುತ್ತಿದ್ದರು.

ಇಷ್ಟು ಎಲ್ಲ ಕಡೆ ಇರುತ್ತದೆ. ನಮ್ಮಲ್ಲಿ ಇನ್ನೊಂದಿತ್ತು. ಹೂ ಬಿಡುವ ಮುನ್ನ ಕಡಲೆಯ ಕುಡಿ ಚಿವುಟಿದರೆ ಗಿಡ ಪಕ್ಕಕ್ಕೆ ಕವಲೊಡೆದು ಹೆಚ್ಚು ಕಾಯಿ ಹಿಡಿಯುತ್ತದೆ. ಹೆಂಗಸರು ಪಲ್ಯಕ್ಕೆಂದು ಚಿವುಟುತ್ತಾರೆ, ಆದರೆ ಹೊಲ ದೊಡ್ಡದು. ಆ ಕೆಲಸವನ್ನು ಕುರಿಗಳಿಂದ ಮಾಡಿಸುತ್ತಿದ್ದರು. ಮೊದಲು ಹಿಂಡಿಗೆ ಒಣ ಮೇವು ಮೇಯಿಸಿ ಅರ್ಧ ಹೊಟ್ಟೆ ತುಂಬಿಸುವುದು. ಇಬ್ಬನಿ ಪೂರ್ತಿ ಆರಿದ ಮೇಲೆ ಕಡಲೆಯೊಳಗೆ ಬಿಡುವುದು. ನಿಲ್ಲಲು ಕೊಡಬಾರದು. ಮುಂದೆ ಒಬ್ಬರು ಕರೆಯಬೇಕು, ಹಿಂದೆ ಒಬ್ಬರು ಅಟ್ಟಬೇಕು. ನಡೆಯುತ್ತ ನಡೆಯುತ್ತ ಪ್ರತಿ ಕುರಿಯೂ ತುದಿಯನ್ನಷ್ಟೇ ಕಚ್ಚಿ ಮುಂದೆ ಹೋಗಬೇಕು. ಹಿಂಡು ದಾಟುವಾಗ ಹೊಲದ ತುಂಬ ಸಣ್ಣಗೆ ಚಟಚಟ ಸದ್ದು. ಈ ಸದ್ದಿನ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ.

ಬಂದ ದಿನ ಲಕ್ಕವ್ವ ಬದುವಿನ ಮೇಲೆ ನಿಂತು ಅಕ್ಕನನ್ನು ಕೂಗಿದಳು. "ಏ ನೀಲಕ್ಕ, ಈ ವರ್ಷ ಕಡ್ಲಿ ಥೇಟ್ ನಿನ್ನಂಗೇ ಅದ ನೋಡು. ಬರೇ ಮ್ಯಾಲ ಹೋಗ್ಯಾದ, ಅಡ್ಡ ಹರಡೇ ಇಲ್ಲ."

ಅಕ್ಕ ಉದ್ದಕ್ಕೆ, ತೆಳ್ಳಗೆ. ಲಕ್ಕವ್ವ ಹಾಗಲ್ಲ. ಅಕ್ಕ ಸೆರಗು ಬಾಯಿಗೆ ಇಟ್ಟುಕೊಂಡು, "ನೀ ಬಂದಿಯಲ್ಲ ಬೇ. ನಿನ್ನ ಕುರಿ ಒಂದಪಾ ಚೂಟ್ಲಿ, ಆಮ್ಯಾಗ ನಿನ್ನಂಗ ಹರಡ್ತದ," ಎಂದಳು.

ಇಬ್ಬರೂ ಬಹಳ ಹೊತ್ತು ನಕ್ಕರು. ಇಷ್ಟು ನಗಲು ಅದರಲ್ಲಿ ಏನಿತ್ತು ಎಂದು ನನಗೆ ಆಗ ಅನ್ನಿಸಿತ್ತು. ಈಗ ಆ ನಗು ಬೇಕು ಅನ್ನಿಸುತ್ತದೆ, ಅದಕ್ಕೇ ಅದು ನೆನಪಿನಲ್ಲಿ ಉದ್ದವಾಗಿರಬಹುದು.

ಇನ್ನು ಬಾಟಲಿಗಳು. ನಮ್ಮ ಕಡೆ ಹುಳದ ಔಷಧಕ್ಕೆ ಎಣ್ಣೆ ಎನ್ನುತ್ತಾರೆ. ಎಣ್ಣೆ ಹೊಡೆದ ಹೊಲದ ಬದುವಿಗೆ ಖಾಲಿ ಬಾಟಲಿ ಬೋರಲು ಸಿಕ್ಕಿಸಿದರೆ ಕುರುಬರು ದೂರದಿಂದಲೇ ನೋಡಿ ಹಿಂಡನ್ನು ತಿರುಗಿಸುತ್ತಾರೆ. ಒಳ್ಳೆಯ ಪದ್ಧತಿ. ಅದು ಎಷ್ಟು ಚೆನ್ನಾಗಿ ಕೆಲಸ ಮಾಡಿತೆಂದರೆ, ಎಣ್ಣೆ ಹೊಡೆಯದವರೂ ಬಾಟಲಿ ಸಿಕ್ಕಿಸಲು ಶುರುಮಾಡಿದರು. ಬೇಲಿಯ ಖರ್ಚಿಲ್ಲ, ಕಾಯುವ ಕೆಲಸವಿಲ್ಲ, ಯಾರ ಕುರಿಯೂ ಒಳಗೆ ಬರುವುದಿಲ್ಲ. ಒಬ್ಬ ಮಾಡಿದ, ಪಕ್ಕದವನು ಮಾಡಿದ. ಹೋದ ವರ್ಷದ ಬಾಟಲಿಯನ್ನು ಯಾರೂ ಇಳಿಸಲಿಲ್ಲ. ನಾನು ಹೋಗುವ ಹೊತ್ತಿಗೆ ಊರ ಸುತ್ತಲಿನ ಒಂದೊಂದು ಬದುವಿನಲ್ಲೂ ಬಾಟಲಿ ಬಿಸಿಲಿಗೆ ಹೊಳೆಯುತ್ತಿತ್ತು. ನೀರು ಕುಡಿಸಲು ಹಿಂಡು ಕರೆದೊಯ್ಯಲೂ ದಾರಿ ಇರಲಿಲ್ಲ, ಬಾಟಲಿಗಳನ್ನು ನಂಬಿದರೆ.

ಹಾಗಾಗಿ ಮಾಳಪ್ಪ ನಂಬುವುದನ್ನು ಬಿಟ್ಟಿದ್ದ. ಕೇಳುತ್ತಿದ್ದ.

"ಶರಣಪ್ಪಣ್ಣಾರ, ನಿಮ್ಮ ಊರಾಗ ಮಂದೀಕಿಂತ ಬಾಟ್ಲಿ ಹೆಚ್ಚ ನಿಂತಾವಲ್ರಿ. ಇದರಾಗ ಖರೇದು ಯಾವುದು, ಸುಳ್ಳಿಂದು ಯಾವುದು?"

ಮಾವ ನಕ್ಕು, "ಎಲ್ಲಾ ಸುಳ್ಳೇ ಅವ ತಗೋ. ನಂದೂ ಸುಳ್ಳೇ. ನಾಳಿ ಮುಂಜಾನಿ ಹೊಡಿ ನಿನ್ನ ಕುರಿ," ಎಂದರು.

"ಬಸಣ್ಣಾರದು?"

ಬಸಣ್ಣ ಮಾವನ ದಾಯಾದಿ. ಅವನ ತೊಗರಿಯೂ ಮಾವನ ಕಡಲೆಯೂ ಒಂದೇ ಬದುವಿನ ಎರಡು ಬದಿ.

"ಅವಂದು ನಂದಕ್ಕಿಂತ ದೊಡ್ಡ ಸುಳ್ಳು," ಎಂದರು ಮಾವ.

(ಮಾವನಿಗೆ ಬಹುವಚನ, ಮಾಳಪ್ಪನಿಗೆ ಏಕವಚನ ಬರೆಯುತ್ತಿದ್ದೇನೆ. ವಯಸ್ಸಿನಲ್ಲಿ ಮಾಳಪ್ಪನೇ ದೊಡ್ಡವನು. ನೆನಪು ತಾನಾಗಿ ಹೀಗೆ ಹಂಚಿಕೊಂಡು ಕುಳಿತಿದೆ. ತಿದ್ದಿದರೆ ಅದೂ ಒಂದು ಸುಳ್ಳು.)

ಈ ಮಾತು ನಡೆದದ್ದು ಯಾವ ದಿನ? ಕುರಿ ಬಿಟ್ಟ ದಿನದ ಹಿಂದಿನ ಸಂಜೆ ಎಂದು ನಾನು ಹಲವು ಸಲ ಹೇಳಿದ್ದೇನೆ. ಆದರೆ ಬಸಣ್ಣನ ತೊಗರಿಗೆ ಡ್ರೋನ್ ಬಂದದ್ದೂ ಆಸುಪಾಸಿನಲ್ಲೇ. ತೊಗರಿ ಆಳೆತ್ತರ, ಹೂವು ಕಾಯಿ ಕೂಡಿ ನಿಂತಿತ್ತು, ಕೀಡೆ ಹುಳ ಬಿದ್ದಿತ್ತು. ಬಾಡಿಗೆಯ ಡ್ರೋನ್ ತರಿಸಿ ಎಣ್ಣೆ ಹೊಡೆಸಿದ. ಊರಿಗೆ ಅದು ಮೊದಲ ಡ್ರೋನ್, ಅರ್ಧ ಊರು ನೋಡಲು ನೆರೆದಿತ್ತು. ಅದು ತೊಗರಿಯ ಮೇಲೆ ಹೋಗಿ ಬದುವಿನ ಬಳಿ ತಿರುಗುವಾಗ ಕೆಳಗೆ ಹೊಗೆಯಂತೆ ಬೀಳುತ್ತಿದ್ದದ್ದು ನನಗೆ ಕಾಣುತ್ತದೆ. ಗಾಳಿ ಯಾವ ಕಡೆಗಿತ್ತು ಎಂದು ಕೇಳಿದರೆ ಊರಿನಲ್ಲಿ ಯಾರೂ ಒಂದೇ ಉತ್ತರ ಕೊಡುವುದಿಲ್ಲ. ಡ್ರೋನ್ ಬಂದದ್ದು ಮಾವ ಆ ಮಾತಾಡುವ ಮೊದಲೋ, ಮಾತಾಡಿದ ಮೇಲೋ? ಮೊದಲಾದರೆ ಮಾವ ತಿಳಿದೂ ಹೇಳಿದರು. ಆಮೇಲಾದರೆ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಮರೆತರು. ಎರಡರ ನಡುವೆ ಒಬ್ಬ ಮನುಷ್ಯನ ಇಡೀ ನಡತೆ ಇದೆ. ನನ್ನ ತಲೆ ಅದನ್ನು ಒಂದೊಂದು ವರ್ಷ ಒಂದೊಂದು ಕಡೆ ಇಡುತ್ತದೆ.

ಆ ದಿನ ನಸುಕಿನಲ್ಲೇ ಅಕ್ಕ ಹೊಲಕ್ಕೆ ಹೋಗಿ ಬಂದಿದ್ದಳು. ಕಡಲೆ ಹುಳಿ ಹಿಡಿಯಲು. ಹಳೆಯ ಧೋತರದ ತುಂಡನ್ನು ಕಡಲೆಯ ಮೇಲೆ ಹಾಸಿದರೆ ಇಬ್ಬನಿಯ ಜೊತೆ ಎಲೆಯ ಹುಳಿಯೂ ಬಟ್ಟೆಗೆ ಇಳಿಯುತ್ತದೆ. ಅದನ್ನು ಹಿಂಡಿ ಭರಣಿಯಲ್ಲಿಟ್ಟರೆ ಹೊಟ್ಟೆನೋವಿಗೆ ಔಷಧ. ಮಾವನಿಗೆ ಹೊಟ್ಟೆಯ ಬಾಧೆ ಇತ್ತು. ಅಕ್ಕ ಒದ್ದೆ ಬಟ್ಟೆಯನ್ನು ಅಂಗಳದಲ್ಲಿ ಹಿಂಡುವಾಗ ನಾನು ಚಾದರ ಹೊದ್ದು ಓದುತ್ತ ಕುಳಿತಿದ್ದೆ. ಅವಳ ಬೆರಳುಗಳು ಚಳಿಗೆ ಕೆಂಪಾಗಿದ್ದವು. ಈ ವಿವರ ಮುಖ್ಯವೆಂದು ಆಗ ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ಇದಾದರೂ ನಿಜವಿರಬೇಕು.

ಬಿಸಿಲೇರಿದ ಮೇಲೆ ಅಕ್ಕನೂ ನಾನೂ ರೊಟ್ಟಿ ಬುತ್ತಿ ಹೊತ್ತು ಹೋದೆವು. ಲಕ್ಕವ್ವ ಮುಂದೆ ಕರೆಯುತ್ತ, ಮಾಳಪ್ಪ ಹಿಂದೆ ಅಟ್ಟುತ್ತ ಹಿಂಡು ಕಡಲೆ ದಾಟುತ್ತಿತ್ತು. ಹಳ್ಳದ ತುದಿಯಿಂದ ಹೊಕ್ಕು ಬಸಣ್ಣನ ಬದುವಿನ ತುದಿಯಲ್ಲಿ ಹೊರಬಿದ್ದಿತು. ಅಲ್ಲಿಂದ ಖಾಲಿ ಹೊಲಕ್ಕೆ. ಮಾವನೂ ಸೇರಿ ನಾವೆಲ್ಲ ಬೇವಿನ ಕೆಳಗೆ ರೊಟ್ಟಿ ಬಿಚ್ಚಿದೆವು. ಲಕ್ಕವ್ವ ನನ್ನನ್ನು ನೋಡಿ, "ಈ ತಂಗಿ ಓದಿ ಓದಿ ಸಣ್ಣಾಗ್ಯಾಳ, ಇಕೀಗೂ ಒಂದಪಾ ಕುಡಿ ಚೂಟ್ರಿ," ಎಂದಳು. ಮಾಳಪ್ಪ ನಗಲು ಬಾಯಿ ತೆರೆದವನು ಹಾಗೇ ಎದ್ದು ನಿಂತ.

ಹಿಂಡಿನ ಮುಂದಾಳು ಕುರಿ ಮೊಣಕಾಲೂರಿತ್ತು.

ಆಮೇಲಿನದು ನನ್ನಲ್ಲಿ ತುಂಡು ತುಂಡಾಗಿದೆ. ಮಾಳಪ್ಪ ಬಿದಿರಿನ ಗೊಟ್ಟದಿಂದ ಕುಸುಬೆ ಎಣ್ಣೆಯನ್ನು ಒಂದೊಂದರ ಗಂಟಲಿಗೆ ಸುರಿಯುತ್ತಿದ್ದ. ಲಕ್ಕವ್ವ ಸತ್ತ ತಾಯಿಯ ಕೆಚ್ಚಲಿಗೆ ಬಾಯಿ ಹಾಕಿದ್ದ ಮರಿಯನ್ನು ಎಳೆದು ಎಳೆದು ಬದಿಗಿಡುತ್ತಿದ್ದಳು, ಅದು ಮತ್ತೆ ಹೋಗುತ್ತಿತ್ತು. ಕುರಿಗಳ ಬಾಯಲ್ಲಿ ನೊರೆ ಇತ್ತು ಎಂದು ನಾನು ಹೇಳುತ್ತೇನೆ. ಎಡ ಹೊಟ್ಟೆ ಡೋಲಿನಂತೆ ಉಬ್ಬಿತ್ತು ಎಂದು ಮಾವ ಹೇಳುತ್ತಾರೆ. ನೊರೆ ಎಂದರೆ ಹುಳದ ಎಣ್ಣೆ. ಉಬ್ಬರ ಎಂದರೆ ಇಬ್ಬನಿ ಆರುವ ಮೊದಲೇ ಹಸಿದ ಕುರಿ ಬಿಟ್ಟದ್ದು. ಆಗ ಕಂಡದ್ದನ್ನು ಹೇಳುತ್ತಿದ್ದೇವೋ, ಯಾರ ಪರ ನಿಲ್ಲಬೇಕೆಂದು ಗೊತ್ತಾದ ಮೇಲೆ ಕಂಡದ್ದನ್ನೋ? ಮಧ್ಯಾಹ್ನದ ಹೊತ್ತಿಗೆ ಹಿಂಡಿನ ಸುಮಾರು ಅರ್ಧ ನೆಲಕ್ಕೆ ಬಿದ್ದಿತ್ತು.

ಪಟ್ಟಣದಿಂದ ಒಬ್ಬ ವ್ಯಾಪಾರಿ ಟೆಂಪೋ ತಂದು ನಿಲ್ಲಿಸಿದ. ಯಾರು ಫೋನ್ ಮಾಡಿದರೋ. ಇನ್ನೂ ಬಿಸಿ ಇರುವಾಗಲೇ ಕೊಟ್ಟುಬಿಡು ಎಂದ. ಮಾಳಪ್ಪ ಅವನ ಮುಖವನ್ನೂ ನೋಡದೆ, "ತಿಂದವರು ಸತ್ರ ನಿನ್ನ ಹೆಸರು ಹೇಳ್ಲೋ, ನನ್ನ ಹೆಸರು ಹೇಳ್ಲೋ?" ಎಂದ. ಟೆಂಪೋ ತಿರುಗಿತು.

ಊರಿನ ಮೌಲಾ ಚಾಚಾ ತಮ್ಮ ಜೆಸಿಬಿ ತಂದರು. ನಾಯಿ ಮುತ್ತುವ ಮೊದಲು ಮುಚ್ಚಿಬಿಡಿ ಎಂದು ಹಿರಿಯರು ಹೇಳಿದ್ದರು. ಚಾಚಾ ಕಡಲೆ ಹೊಲದ ಮೂಲೆಯಲ್ಲೇ ಗುಂಡಿ ತೋಡಿದರು, ಬಾಡಿಗೆ ಮಾತೆತ್ತಲಿಲ್ಲ. ಪಶು ವೈದ್ಯರು ದೂರದ ಇನ್ನೊಂದು ಊರಿನಿಂದ ಬರುವ ಹೊತ್ತಿಗೆ ಮಣ್ಣು ಸಮವಾಗಿತ್ತು. ಹೊಟ್ಟೆಯೊಳಗಿನದನ್ನು ತೆಗೆದು ಪರೀಕ್ಷೆಗೆ ಕಳಿಸಬಹುದಿತ್ತು ಎಂದರು. ಮತ್ತೆ ಅಗೆಯೋಣವೇ ಎಂದು ಚಾಚಾ ಕೇಳಿದರು. ಹಿರಿಯರು ಆಗಲೇ ಊರ ಕಡೆ ಹೆಜ್ಜೆ ಹಾಕಿದ್ದರು.

ಸಂಜೆ ಕಟ್ಟೆಯ ಮೇಲೆ ಹಿರಿಯರು ಕೂತರು. ಮಾಳಪ್ಪನದು ಒಂದೇ ಮಾತು. "ನನಗ ಜ್ವಾಳ ಬ್ಯಾಡ, ದಂಡ ಬ್ಯಾಡ. ಹೊಲಕ್ಕ ಎಣ್ಣಿ ಬಿದ್ದಿತ್ತು ಅಂತ ಒಂದು ಮಾತು ಹೇಳ್ರಿ. ನನ್ನ ತಪ್ಪಿಲ್ಲ ಅಂತ ಹೇಳ್ರಿ. ಇಲ್ಲಾಂದ್ರ ನನ್ನ ಕುರಿ ಯಾವ ಊರಾಗ ತರುಬಲಿ? ಕುರಿ ಕಾಯಾಕ ಬರದವ ಅಂತಾರ."

ಅವನಿಗೆ ಬೇಕಿದ್ದದ್ದು ಅಷ್ಟೇ.

ಬಸಣ್ಣ, "ನಾ ಬಾಟ್ಲಿ ಹಾಕಿದ್ದೆ. ಕಣ್ಣ ಕಾಣಲಿಲ್ಲೇನು ಅವಂಗ?" ಎಂದ.

"ನಿಮ್ಮ ಬಾಟ್ಲಿ ನಾ ಮೂರು ವರ್ಷದಿಂದ ನೋಡಾಕತ್ತೇನ್ರಿ," ಎಂದ ಮಾಳಪ್ಪ.

ಯಾರೋ ನಕ್ಕರು. ಆ ನಗು ಮಾವನಿಗೆ ತಾಕಿತು ಎಂದು ನನ್ನ ಊಹೆ. ಅವರು ಅಕ್ಕನ ಕಡೆ ತಿರುಗಿ, "ನೀಲಾ, ಮುಂಜಾನಿ ಹಿಂಡಿದ ಹುಳಿ ತಗೊಂಡು ಬಾ," ಎಂದರು. ಅಕ್ಕ ಭರಣಿ ತಂದಳು. ಮಾವ ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. "ಇದು ಅದೇ ಹೊಲದ ಹುಳಿ. ಇವತ್ತಿಂದೇ. ಹೊಲದಾಗ ಎಣ್ಣಿ ಬಿದ್ದಿದ್ರ ಇದರಾಗೂ ಇರಬೇಕಲ್ಲ?" ಎಂದು ಗಟಗಟ ಕುಡಿದು ಬಾಯಿ ಒರೆಸಿಕೊಂಡರು. ಹುಳಿಗೆ ಮುಖ ಕಿವುಚಿತು. ಅಷ್ಟೇ.

ಊರಿನಲ್ಲಿ ಅದು ಆಣೆಗಿಂತ ದೊಡ್ಡದು. ಒಬ್ಬ ಹಿರಿಯರು, "ಮುಗೀತು ಬಿಡ್ರಿ," ಎಂದರು.

ಮಾಳಪ್ಪ ಮಾವನನ್ನು ನೋಡಲಿಲ್ಲ. ಅಕ್ಕನನ್ನು ಕೇಳಿದ. "ಯವ್ವಾ, ನೀ ಬಟ್ಟಿ ಎಲ್ಲಿ ಹಾಸಿದ್ದಿ?"

"ಹೊಲದಾಗ," ಎಂದಳು ಅಕ್ಕ.

"ಹೊಲದಾಗ ಅಂದ್ರ ಯಾವ ಕಡಿ? ಹಳ್ಳದ ಕಡಿಯೋ, ಬಸಣ್ಣಾರ ಬದುವಿನ ಕಡಿಯೋ?"

ಹೊಲ ಉದ್ದ. ಹಳ್ಳದ ತುದಿಯಲ್ಲಿ ನಿಂತರೆ ಬದುವಿನ ತುದಿಯವರ ಮುಖ ಗುರುತು ಸಿಗುವುದಿಲ್ಲ. ಡ್ರೋನಿನ ಎಣ್ಣೆ ಹಾರಿ ಬಿದ್ದಿದ್ದರೆ ಬದುವಿನ ಕಡೆಯ ಒಂದು ಪಟ್ಟಿಗೆ ಮಾತ್ರ. ಕಟ್ಟೆಯ ಮೇಲಿದ್ದ ಪ್ರತಿಯೊಬ್ಬರಿಗೂ ಇದು ತಕ್ಷಣ ತಿಳಿಯಿತು.

ಅಕ್ಕ ಬಾಯಿ ತೆರೆದಳು. ತೆರೆದಳೇ? ನಾನು ಅವಳ ಹಿಂದೆ ನಿಂತಿದ್ದೆ, ನನಗೆ ಕಂಡದ್ದು ಅವಳ ತುರುಬು. ಅಷ್ಟರಲ್ಲಿ ಮಾವ, "ಹೆಣ್ಮಕ್ಕಳನ್ನ ಕಟ್ಟಿ ಮ್ಯಾಲ ಸವಾಲ್ ಜವಾಬ್ ಮಾಡ್ತಿಯೇನು? ಕುಡದು ತೋರ್ಸೀನಿ, ಮತ್ತೇನ್ ಬೇಕು ನಿನಗ?" ಎಂದರು. ಅಕ್ಕ ಖಾಲಿ ಭರಣಿ ತೆಗೆದುಕೊಂಡು ಮನೆಗೆ ನಡೆದಳು. ಇಬ್ಬನಿ ಆರುವ ಮೊದಲೇ ಕುರಿ ಬಿಟ್ಟಿದ್ದು ಮಾಳಪ್ಪನ ತಪ್ಪು ಎಂದು ತೀರ್ಮಾನವಾಯಿತು.

ಮರುದಿನ ಮಾವ ಮೌಲಾ ಚಾಚಾರ ಕೈಯಲ್ಲಿ ಒಂದು ಚೀಲ ಜೋಳ ಕಳಿಸಿದರು. ಚಾಚಾ ಚೀಲವನ್ನು ವಾಪಸು ತಂದು ಪಡಸಾಲೆಯಲ್ಲಿ ಇಳಿಸಿದರು. "ಮುಟ್ಲಿಲ್ಲ ಭಾಯಿ. ನಾ ಎಷ್ಟ್ ಹೇಳಿದ್ರೂ ಮುಟ್ಲಿಲ್ಲ. ಹೋಗಿಬಿಟ್ರು."

ಹೋಗುವ ಮುನ್ನ ಲಕ್ಕವ್ವ ನಮ್ಮ ಹಿತ್ತಲಿಗೆ ಬಂದಿದ್ದಳೆಂದು ತಿಳಿದದ್ದು ಆಮೇಲೆ. ದನದ ಗೂಟಕ್ಕೆ ಒಂದು ಹೆಣ್ಣು ಮರಿ ಕಟ್ಟಿತ್ತು, ಸತ್ತ ತಾಯಿಯ ಕೆಚ್ಚಲು ಬಿಡದಿದ್ದ ಅದೇ ಮರಿ. ಅಕ್ಕ ಹಸುವಿನ ಹಾಲಿನಲ್ಲಿ ಅರಿವೆ ಅದ್ದಿ ಅದರ ಬಾಯಿಗಿಟ್ಟಳು.

ಮರುವರ್ಷ ಹಿಂಡು ಬರಲಿಲ್ಲ. ಯಾವ ಹಿಂಡೂ ಬರಲಿಲ್ಲ. ಈಗ ನಮ್ಮ ಊರಿನ ದಾರಿ ಬಿಟ್ಟು ಡಾಂಬರು ರಸ್ತೆ ಹಿಡಿದು ಹೋಗುತ್ತಾರಂತೆ, ಲಾರಿಗಳ ನಡುವೆ. ಕುರಿ ಹೂತ ಮೂಲೆಯಲ್ಲಿ ಕಡಲೆ ಕಡುಹಸಿರಾಗಿ ಎದ್ದಿತು ಎಂದು ಊರಿನವರು ಹೇಳುತ್ತಾರೆ. ನಾನೂ ನೋಡಿದೆ, ನನಗೂ ಹಾಗೇ ಕಂಡಿತು. ಹೇಳುವುದನ್ನು ಕೇಳದೆ ನೋಡಿದ್ದರೆ ಕಾಣುತ್ತಿತ್ತೋ ಇಲ್ಲವೋ.

ಮೊನ್ನೆ ಹೋದಾಗ ಮಾವ ತಡವಾಗಿ ಬಿತ್ತಿದ ಕಡಲೆ ಹೊಲದಲ್ಲಿ ಕುಡಿ ಕತ್ತರಿಸುವ ಯಂತ್ರ ಹಿಡಿದಿದ್ದರು. ಬೆನ್ನಿಗೆ ಬ್ಯಾಟರಿ, ಕೈಯಲ್ಲಿ ಉದ್ದ ಕೋಲು, ತುದಿಯಲ್ಲಿ ತಿರುಗುವ ತಂತಿ. ನುಣುಪಾಗಿ ಕತ್ತರಿಸುತ್ತದೆ, ಕುರಿಯಂತೆ ಎಲ್ಲಿ ಬೇಕೆಂದರಲ್ಲಿ ನಿಲ್ಲುವುದಿಲ್ಲ ಎಂದರು. ಎರೆ ಬಿರಿದು ಹೆಂಟೆ ಕಲ್ಲಾಗಿತ್ತು. ಮನೆಯ ಗೋಡೆಗೆ ಒಂದು ಹೊಸ ಫೋಟೊ ತೂಗುತ್ತಿತ್ತು. ಬೆಳೆಯ ಜೊತೆ ಜಾನುವಾರು ಸಾಕಬೇಕೆಂದು ರೈತರಿಗೆ ತರಬೇತಿ ಕೊಟ್ಟವರು ಮಾವನಿಗೆ ಶಾಲು ಹೊದಿಸಿದ್ದಾರೆ, ಮಾದರಿ ರೈತನೆಂದು. ಫೋಟೊದಲ್ಲಿ ಅವರ ಪಕ್ಕ ನಿಂತಿರುವ ಕರಿ ಕುರಿಗಳು ಲಕ್ಕವ್ವನ ಮರಿಯ ಮಕ್ಕಳು, ಮೊಮ್ಮಕ್ಕಳು.

ಆ ಮರಿಯೇ ಈಗ ಮುದಿ ಕುರಿ, ಹಲ್ಲುದುರಿದೆ. ಅಕ್ಕ ಅದಕ್ಕೆ ನುಚ್ಚು ಬೇಯಿಸಿ ಹಾಕುತ್ತಿದ್ದಳು. ಕೊಳ್ಳಲು ಬಂದವರಿಗೆಲ್ಲ "ಅದು ನಮ್ದಲ್ಲ, ಅದರಾಕಿ ಬರ್ತಾಳ" ಎಂದು ಹೇಳಿ ಕಳಿಸುತ್ತಾಳಂತೆ. ನಾನು ತಂದಿದ್ದ ಕಡಲೆ ಗಿಡದ ಕಟ್ಟನ್ನು ಅದರ ಮುಂದಿಟ್ಟೆ. ಮೂಸಿ ನೋಡಿ ತಿಂದಿತು.

"ಅಕ್ಕಾ, ಅವತ್ತು ಬಟ್ಟಿ ಯಾವ ಕಡಿ ಹಾಸಿದ್ದಿ?" ಎಂದೆ.

"ಯಾವ ಬಟ್ಟಿ?" ಎಂದಳು. ಆಮೇಲೆ ಕುರಿಯ ಬಾಯಿಂದ ಬಿದ್ದ ಎಲೆಗಳನ್ನು ಆರಿಸುತ್ತ, "ಮಾಳಪ್ಪಗ ಹೇಳಬೇಕಾದ ಮಾತು ನಿನಗ್ಯಾಕ ಹೇಳ್ಲಿ?" ಎಂದಳು.

ಅವಳು ಬಟ್ಟೆಯನ್ನು ಹಳ್ಳದ ಕಡೆ ಹಾಸಿದ್ದಳೋ ಬದುವಿನ ಕಡೆ ಹಾಸಿದ್ದಳೋ ನನಗೆ ಗೊತ್ತಿಲ್ಲ. ಭರಣಿ ಎತ್ತುವಾಗ ಮಾವನಿಗೆ ಅದು ಗೊತ್ತಿತ್ತೋ ಇಲ್ಲವೋ, ಅದೂ ಗೊತ್ತಿಲ್ಲ. ಲಕ್ಕವ್ವ ಆ ಮರಿಯನ್ನು ಕೊಟ್ಟು ಹೋದಳೋ, ಬಿಟ್ಟು ಹೋದಳೋ, ಅವಳು ಇದ್ದಾಳೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ.